ಒಲೆಯ ಲೆಕ್ಕ ಬರೆದ ಪಂಡಿತರು



ಕಟ್ಟಿಗೆ, ಕಲ್ಲಿದ್ದಲು ಬಿಟ್ಟು ಬೇರೆ ಇಂಧನಕ್ಕೆ ಹೋಗಬೇಕೆಂಬ ಮಾತು ಈಚೆಗೆ ಎಲ್ಲೆಲ್ಲೂ ಕೇಳುತ್ತಿದೆ. ಇದನ್ನೇ ಅಭ್ಯಾಸ ಮಾಡಿ ಸರಕಾರಕ್ಕೆ ಸಲಹೆ ಕೊಡುವ ಪಂಡಿತರೂ ಇದ್ದಾರೆ. ಅವರಿಗೂ ನಮಗೂ ಏನು ಸಂಬಂಧ ಎಂದು ಕೇಳಬೇಡಿ. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಕಟ್ಟಿಗೆ ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಊರಿನ ಗಾಳಿ ಶುದ್ಧವಾಗಲಿ, ಬೇಡವೆನ್ನುವವರಾರು? ಹೊಗೆಯನ್ನು ಎಲ್ಲರಿಗಿಂತ ಮೊದಲು ನುಂಗುವವರು ಒಲೆಯ ಮುಂದಿನ ನಾವೇ. ಆದರೆ ಒಲೆ ಹೋದಾಗ ಒಲೆಯವನ ಗತಿ ಏನೆಂದು ಕೇಳುವವರು ಬೇಕಲ್ಲವೇ?

ಅಂಥ ಪ್ರಶ್ನೆ ಕೇಳಬಲ್ಲ ಪಂಡಿತರು ನಮ್ಮಲ್ಲೇ ಒಬ್ಬರಿದ್ದರು. ಅಮೂಲ್ಯ ಕೆ. ಎನ್. ರೆಡ್ಡಿ, 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಡಾಕ್ಟರೇಟು ಪಡೆದು, ಅಮೇರಿಕದಲ್ಲಿ ಕೆಲಸ ಮಾಡಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ವಿದ್ಯುದ್ರಸಾಯನದ ಮೇಲೆ ಬಾಕ್ರಿಸ್ ಎಂಬವರೊಡನೆ ಬರೆದ ಅವರ ದೊಡ್ಡ ಗ್ರಂಥ 1970ರಲ್ಲಿ ಹೊರಬಂದು ಪ್ರಪಂಚದಲ್ಲೆಲ್ಲ ಪಾಠಕ್ಕೆ ಬಂತು. ಅಷ್ಟಕ್ಕೇ ತೃಪ್ತರಾಗಿದ್ದರೆ ಬೇಕಾದಷ್ಟು ಮಾನಮರ್ಯಾದೆ ಇತ್ತು. ಆದರೆ ಈ ವಿದ್ಯೆಯಿಂದ ಹಳ್ಳಿಯ ಬಡವನಿಗೆ ಬಂದದ್ದೇನು ಎಂಬ ಯೋಚನೆ ಅವರನ್ನು ಬಿಡಲಿಲ್ಲ. 1974ರಲ್ಲಿ ಅದೇ ಸಂಸ್ಥೆಯೊಳಗೆ 'ಅಸ್ತ್ರ' ಎಂಬ ಕೇಂದ್ರ ತೆರೆದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋದರು.

ಅಲ್ಲಿ ಮಾಡಿದ್ದು ಲೆಕ್ಕ. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರಾರು, ನೀರಿಗೆ ಎಷ್ಟು ಹೊತ್ತು ನಡೆಯಬೇಕು. ಸರಕಾರದ ಕಡತದಲ್ಲಿ ಶಕ್ತಿ ಎಂದರೆ ಕಲ್ಲಿದ್ದಲು, ಎಣ್ಣೆ, ವಿದ್ಯುತ್ತು. ಪುರ ಎಂಬ ಹಳ್ಳಿಯ ಲೆಕ್ಕ ಹಾಕಿದಾಗ ಸೌದೆಯೇ ಮುಕ್ಕಾಲಿಗಿಂತ ಮೇಲೆ. ಮನುಷ್ಯರು ಸುರಿಸಿದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಮಕ್ಕಳ ಪಾಲೂ ಅದರಲ್ಲಿತ್ತು. ಸರಕಾರದ ಕಡತದಲ್ಲಿ ಆ ಬೆವರನ್ನು ಶಕ್ತಿ ಎಂದು ಬರೆದಿರಲಿಲ್ಲ.

ಪುರದಲ್ಲಿ ಸಗಣಿಯಿಂದ ಅಡಿಗೆಯ ಗ್ಯಾಸು ಕೊಡಲು ನೋಡಿದರು. ಎಲ್ಲ ಮನೆಗೂ ಸಾಲುವಷ್ಟು ಸಗಣಿ ಇರಲಿಲ್ಲ, ಏರ್ಪಾಟು ಬಿತ್ತು. ಮತ್ತೊಬ್ಬರಾಗಿದ್ದರೆ ಜನ ಮೂಢರು ಎಂದು ವರದಿ ಬರೆದು ರೈಲು ಹತ್ತುತ್ತಿದ್ದರು. ಇವರು 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಊರಿಗೆ ಬೇಕಾಗಿದ್ದ ಕುಡಿಯುವ ನೀರನ್ನೂ ಮನೆಗೆ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಹಣ ಸಿಕ್ಕಿತು, ಗೊಬ್ಬರವೂ ಹಿಂದಕ್ಕೆ ಬಂತು.

ಅದೇ ಕಾಲದಲ್ಲಿ ಕರ್ನಾಟಕಕ್ಕೆ 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತಿನ ಭಾರಿ ಯೋಜನೆಯೊಂದು ಸಿದ್ಧವಾಯಿತು. ರೆಡ್ಡಿಯವರು ಬೇರೆ ಲೆಕ್ಕ ಇಟ್ಟರು: ಪ್ರತಿ ಮನೆಗೂ ದೀಪ ಕೊಟ್ಟು, ಪೋಲು ನಿಲ್ಲಿಸಿ, ನೀರು ಕಾಯಿಸಲು ಬಿಸಿಲು ಬಳಸಿದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ದೊಡ್ಡ ಕಂತ್ರಾಟುಗಳ ಕಾಲದಲ್ಲಿ ಈ ಮಾತು ಎಷ್ಟು ಮಂದಿಗೆ ರುಚಿಸೀತು! ಅವರು 2006ರಲ್ಲಿ ತೀರಿಕೊಂಡರು.

ಈಗ ನಮ್ಮ ವಿಷಯ. ಮುಂಬಯಿಗೆ ಇದು ಮೊದಲ ಬದಲಾವಣೆ ಅಲ್ಲ. 1915ರಲ್ಲಿ ಖೋಪೋಲಿಯಿಂದ ಟಾಟಾ ಕಂಪೆನಿಯ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳ ಹಬೆಯಂತ್ರಗಳು ಒಂದೊಂದಾಗಿ ನಿಂತವು. ಹೋಟೆಲಿನಲ್ಲಿಯೂ ಹಾಗೆಯೇ. ನಾನು ದುಡಿಯುತ್ತಿದ್ದ ಒಂದು ಕಡೆ ಸೌದೆ ಒಲೆ ತೆಗೆದು ಗ್ಯಾಸು ತಂದ ತಿಂಗಳಲ್ಲೇ ಒಲೆಯವನಿಗೆ ಲೆಕ್ಕ ಚುಕ್ತಾ ಮಾಡಿದರು. ಉಳಿತಾಯ ಮಾಲಕರ ಗಲ್ಲೆಗೆ, ಸೆಕೆ ಮಾತ್ರ ನಮಗೆ.

ಆದುದರಿಂದ ಅಭ್ಯಾಸಕ್ಕೆ ಬರುವ ಪಂಡಿತರು ಗಲ್ಲೆಯ ಹತ್ತಿರ ಕಾಫಿ ಕುಡಿದು ಹೋಗದೆ ಕುಶಿನಿಯೊಳಗೆ ಬರಲಿ. ಅವರು ಬರುವ ಮೊದಲು ನಮ್ಮ ಲೆಕ್ಕ ನಾವೇ ಇಡೋಣ. ನಿಮ್ಮ ಕುಶಿನಿಯಲ್ಲಿ ದಿನಕ್ಕೆ ಎಷ್ಟು ಸಿಲಿಂಡರು, ಎಷ್ಟು ಇದ್ದಲು, ಒಲೆಯ ಮುಂದೆ ಎಷ್ಟು ಜನ ಎಷ್ಟು ತಾಸು, ಹೊಗೆ ಹೋಗಲು ದಾರಿ ಉಂಟೋ ಇಲ್ಲವೋ, ಒಂದು ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿರಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ನಾನು ಬರೆದುಕೊಳ್ಳುತ್ತೇನೆ.