ಈನಿಡ್ ಓದಲು ಬಾಯಿಪಾಠವೂ ಬೇಕು

ಭಾಷೆ ಕಲಿಯುವ ಮಾತು ಬಂದಾಗಲೆಲ್ಲ ಈಗ ಬಾಯಿಪಾಠಕ್ಕೆ ಸಿಗುವುದು ಬೈಗುಳವೇ. ಓದುತ್ತಾ ಹೋದರೆ ಪದಗಳು ತಾವಾಗಿ ಒಲಿಯುತ್ತವೆ, ಒಲಿಯದವನ್ನು ಮೊಬೈಲ್ ಹೇಳಿಕೊಡುತ್ತದೆ ಎಂಬ ನಂಬಿಕೆ ಎಲ್ಲೆಡೆ ಬೇರೂರಿದೆ. ದಿನವೂ ಕಿವಿಗೆ ಬೀಳುವ ಭಾಷೆಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಪ್ರಾಚೀನ ಮಹಾಕಾವ್ಯವನ್ನು ಮೂಲದಲ್ಲೇ ಓದಬೇಕೆಂಬ ಆಸೆಯಿಂದ ಲ್ಯಾಟಿನ್ ಹಿಡಿದವರಿಗೆ ಈ ಸಲಹೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ವರ್ಜಿಲನ ‘ಈನಿಡ್’ ಓದಲು ಹೊರಟವರು ಪದಗಳನ್ನು ಬೇರೆಯಾಗಿಯೇ ಕೂತು ಕಲಿಯಬೇಕು; ಅದೂ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪಟ್ಟಿಯನ್ನು ನೆಚ್ಚಿಕೊಳ್ಳದೆ, ಆ ಕಾವ್ಯದಿಂದಲೇ ಹೆಕ್ಕಿದ ಪದಗಳನ್ನು ಕಲಿಯಬೇಕು ಎಂಬುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಕ್ರಿ.ಪೂ. 19ರಲ್ಲಿ ವರ್ಜಿಲ್ ತೀರಿಕೊಂಡಾಗ ಇನ್ನೂ ತಿದ್ದುವುದು ಬಾಕಿ ಉಳಿದಿದ್ದ ಈ ಕಾವ್ಯದಲ್ಲಿ 12 ಕಾಂಡಗಳಿವೆ, 9,896 ಸಾಲುಗಳಿವೆ. ಒಂದೊಂದು ಸಾಲಿನಲ್ಲಿ ಸುಮಾರು ಆರೇಳು ಪದಗಳು. ಅಮೆರಿಕದ ಡಿಕಿನ್ಸನ್ ಕಾಲೇಜಿನವರು ಲ್ಯಾಟಿನ್ನಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 1,000 ಪದಗಳ ಪಟ್ಟಿಯೊಂದನ್ನು ಮಾಡಿದ್ದಾರೆ. ಸಾಮಾನ್ಯ ಲ್ಯಾಟಿನ್ ಪಠ್ಯದ ಶೇ. 70ರಷ್ಟು ಪದಗಳು ಇದರಲ್ಲೇ ಸಿಗುತ್ತವೆ. ಕೇಳಲು ಭರವಸೆಯ ಮಾತು. ಆದರೆ ಉಳಿದ ಶೇ. 30 ಎಂದರೆ ಸಾಲಿಗೆ ಎರಡು ಪದ ಗೊತ್ತಿಲ್ಲ ಎಂದರ್ಥ. ಇಂಗ್ಲಿಷ್ ಕಲಿಯುವವರ ಮೇಲೆ ಪ್ರಯೋಗ ನಡೆಸಿದ ಪಾಲ್ ನೇಷನ್ ಮುಂತಾದ ಭಾಷಾತಜ್ಞರ ಪ್ರಕಾರ, ಯಾರ ನೆರವೂ ಇಲ್ಲದೆ ಸರಾಗವಾಗಿ ಓದಲು ಪಠ್ಯದ ಶೇ. 95ರಿಂದ 98ರಷ್ಟು ಪದಗಳು ಪರಿಚಿತವಾಗಿರಬೇಕು. ಶೇ. 95 ಎಂದರೆ ಈನಿಡ್‌ನಲ್ಲಿ ಮೂರು ಸಾಲಿಗೊಂದು ಹೊಸ ಪದ. ಸಾಲಿಗೆರಡು ಪದಕ್ಕೆ ತಡವರಿಸುವುದಕ್ಕೂ ಮೂರು ಸಾಲಿಗೊಮ್ಮೆ ತಡವರಿಸುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ಪಂಪನನ್ನೋ ರನ್ನನನ್ನೋ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವರಿಗೆ ಹೇಳಬೇಕಾಗಿಲ್ಲ.

ಮಹಾಕಾವ್ಯದಲ್ಲಿ ಈ ಕಂದರ ಅಗಲವಾಗಲು ಕಾರಣ ಛಂದಸ್ಸು. ಈನಿಡ್‌ನ ಸಾಲಿನಲ್ಲಿ ಆರು ಗಣ. ಕೊನೆಯದನ್ನು ಬಿಟ್ಟರೆ ಪ್ರತಿಯೊಂದೂ ಒಂದೋ ನಮ್ಮ ಭಗಣದಂತೆ ಗುರು-ಲಘು-ಲಘು, ಇಲ್ಲವೇ ಎರಡು ಗುರು. ಎರಡು ಗುರುಗಳ ನಡುವೆ ಒಂಟಿ ಲಘು ಬಂದ ಪದಕ್ಕೆ ಅಲ್ಲಿ ಜಾಗವೇ ಇಲ್ಲ. ದಂಡನಾಯಕ ಎಂಬರ್ಥದ ‘ಇಂಪೆರಾತೊರ್’ ರೋಮನ್ನರ ದಿನಬಳಕೆಯ ಮಾತು, ಆದರೆ ಈ ಛಂದಸ್ಸಿನಲ್ಲಿ ಅದು ಕೂರದು. ವರ್ಜಿಲನಿಗಿಂತ ಹಿಂದಿನ ಎನ್ನಿಯಸ್ ಕವಿ ಅದಕ್ಕಾಗಿ ‘ಇಂದುಪೆರಾತೊರ್’ ಎಂಬ ಹಳೆಯ ರೂಪಕ್ಕೆ ಮೊರೆಹೋದ. ಸಮುದ್ರಕ್ಕೆ ಗದ್ಯದಲ್ಲಿ ‘ಮರೆ’ ಎಂದರೆ ಸಾಕು. ಕಾವ್ಯದಲ್ಲಿ ‘ಏಕ್ವೊರ್’, ‘ಪೊಂತುಸ್’, ‘ಪೆಲಗುಸ್’, ‘ಫ್ರೆತುಂ’ ಎಲ್ಲವೂ ಬರುತ್ತವೆ. ಮಟ್ಟಸವಾದದ್ದು ಎಂಬರ್ಥದಿಂದ ಹುಟ್ಟಿದ ‘ಏಕ್ವೊರ್’ ಪದದ ಬಹುವಚನವು ತಾನೇ ಒಂದು ಅಚ್ಚುಕಟ್ಟಾದ ಭಗಣ, ಹಾಗಾಗಿ ಸಾಲಿನ ಐದನೇ ಗಣಕ್ಕೆ ಹೇಳಿ ಮಾಡಿಸಿದಂತಿದೆ. ಹಡಗಿನ ಹಿಂಬದಿಯೂ ಅಡಿಮರವೂ ಇಡೀ ಹಡಗಿನ ಹೆಸರಾಗಿ ನಿಲ್ಲುತ್ತವೆ. ಕತ್ತಿಗೆ ಸೈನಿಕರ ಬಾಯಲ್ಲಿದ್ದ ‘ಗ್ಲದಿಯುಸ್’ ಹಿಂದೆ ಸರಿದು, ಕವಿಗಳ ಬಾಯಲ್ಲಷ್ಟೇ ಉಳಿದಿದ್ದ ‘ಎನ್ಸಿಸ್’ ಮುಂದೆ ಬರುತ್ತದೆ. ಸೀಸರನ ಯುದ್ಧವರದಿಯನ್ನೂ ಸಿಸೆರೋನ ಭಾಷಣಗಳನ್ನೂ ಓದಿ ಪಳಗಿದವರು ಕೂಡ ಈನಿಡ್‌ನ ಮೊದಲ ಕಾಂಡದ ಬಿರುಗಾಳಿಯಲ್ಲಿ ತತ್ತರಿಸುವುದು ಇದಕ್ಕೇ.

ಪದದ ಮೇಲೆ ಬೆರಳಿಟ್ಟರೆ ಅರ್ಥ ತೋರುವ ಸಾಧನಗಳಿರುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಗ್ರಂಥಾಲಯ ಈ ಸೌಲಭ್ಯವನ್ನು ಉಚಿತವಾಗಿ ಕೊಟ್ಟಿದೆ, ಅದರ ಉಪಕಾರ ದೊಡ್ಡದು. ಆದರೆ ವರ್ಜಿಲನ ವಾಕ್ಯದ ಕಟ್ಟಡವನ್ನು ಗಮನಿಸಿ. ವಿಶೇಷಣ ಸಾಲಿನ ಆರಂಭದಲ್ಲಿದ್ದರೆ ಅದು ಸೇರಬೇಕಾದ ನಾಮಪದ ಕೊನೆಯಲ್ಲಿ ಬರುತ್ತದೆ. ನಡುವೆ ಇನ್ನೊಂದು ಜೋಡಿ ಇದೇ ರೀತಿ ಹೆಣೆದುಕೊಂಡಿರುತ್ತದೆ. ಕ್ರಿಯಾಪದ ಒಮ್ಮೊಮ್ಮೆ ಮುಂದಿನ ಸಾಲಿಗೆ ಜಾರುತ್ತದೆ. ಓದುವವರು ವಿಭಕ್ತಿಯ ಗುರುತು ಹಿಡಿದು, ಬಂದ ಪದಗಳನ್ನೆಲ್ಲ ಮನಸ್ಸಿನಲ್ಲಿ ಎತ್ತಿಟ್ಟುಕೊಂಡು, ಅನ್ವಯ ಕೂಡುವವರೆಗೆ ಕಾಯಬೇಕು. ಎರಡನೇ ಪದಕ್ಕೆ ಪರದೆ ಒತ್ತಿ, ನಾಲ್ಕು ಅರ್ಥಗಳಲ್ಲಿ ಒಂದನ್ನು ಆರಿಸಿ ಹಿಂದಿರುಗುವಷ್ಟರಲ್ಲಿ ಮೊದಲ ಪದದ ವಿಭಕ್ತಿ ಮರೆತಿರುತ್ತದೆ. ಆರಿಸುವುದೂ ಸುಲಭವಲ್ಲ. ‘ಲತುಸ್’ ಎಂದರೆ ಪಕ್ಕೆ, ‘ಲಾತುಸ್’ ಎಂದರೆ ಅಗಲವಾದದ್ದು. ‘ಲೆವಿಸ್’ ಹಗುರ, ‘ಲೇವಿಸ್’ ನುಣುಪು. ಬಹುತೇಕ ಮುದ್ರಣಗಳಲ್ಲಿ ಈ ಜೋಡಿಗಳು ಒಂದೇ ಕಾಗುಣಿತದಲ್ಲಿರುತ್ತವೆ. ಯಂತ್ರ ಎರಡನ್ನೂ ಮುಂದಿಟ್ಟು ಸುಮ್ಮನಾಗುತ್ತದೆ. ಛಂದಸ್ಸಿನ ನಡೆಯಿಂದ ಸರಿಯಾದದ್ದನ್ನು ಗುರುತಿಸಬೇಕಾದರೆ ಪದದ ಹ್ರಸ್ವ-ದೀರ್ಘ ಮೊದಲೇ ನಾಲಿಗೆಯಲ್ಲಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಶಿಕ್ಷಕರ ಕಡೆಯಿಂದ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ಆರಂಭದ ಪುಟದಿಂದಲೇ ಬರೀ ಲ್ಯಾಟಿನ್ನಿನಲ್ಲಿ ಕತೆ ಹೇಳುತ್ತಾ, ಪ್ರತಿ ಹೊಸ ಪದವನ್ನೂ ಸಂದರ್ಭದಿಂದಲೇ ತಿಳಿಸಿ, ಮತ್ತೆ ಮತ್ತೆ ಬಳಸಿ ಮನಸ್ಸಿಗೆ ಇಳಿಸುವ ಪಠ್ಯಪುಸ್ತಕ ಬರೆದ. ಪಟ್ಟಿ ಉರುಹಚ್ಚಿದವರಿಗಿಂತ ಇದರಲ್ಲಿ ಕಲಿತವರು ಭಾಷೆಯಲ್ಲಿ ಹೆಚ್ಚು ಸಲೀಸಾಗಿರುತ್ತಾರೆ ಎನ್ನುತ್ತಾರೆ ಆ ಪದ್ಧತಿಯವರು. ಬುನಾದಿಯ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ; ಲ್ಯಾಟಿನ್ ಶುರುಮಾಡುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಆದರೆ ಆ ಪದ್ಧತಿಯ ಜೀವಾಳ ಪುನರಾವರ್ತನೆ. ಪಠ್ಯಪುಸ್ತಕ ಬರೆದವರು ಕಲಿಯುವವರ ಅನುಕೂಲಕ್ಕೆ ಒಂದು ಪದವನ್ನು ಹತ್ತು ಸಲ ತರಬಲ್ಲರು. ವರ್ಜಿಲನಿಗೆ ಆ ಹಂಗಿರಲಿಲ್ಲ. ಅವನ ಕಾವ್ಯದಲ್ಲಿ ಸಾಕಷ್ಟು ಪದಗಳು ಬರುವುದು ಒಂದೋ ಎರಡೋ ಸಲ, ಅದೂ ಸಾವಿರಾರು ಸಾಲುಗಳ ಅಂತರದಲ್ಲಿ. ಅವನ್ನು ಮರಳಿ ಕಿವಿಗೆ ಹಾಕುವ ಬೀದಿಯಾಗಲೀ ಮನೆಯಾಗಲೀ ಇಂದು ಎಲ್ಲೂ ಇಲ್ಲ. ಕಾವ್ಯ ಕೊಡದ ಪುನರಾವರ್ತನೆಯನ್ನು ಓದುವವರು ತಾವೇ ಕೊಟ್ಟುಕೊಳ್ಳಬೇಕು, ಬಾಯಿಪಾಠ ಎಂದರೆ ಇಷ್ಟೇ.

ಇದೇನೂ ಹೊಸ ಉಪಾಯವಲ್ಲ. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಪಪೈರಸ್ ಹಾಳೆಗಳಲ್ಲಿ ವರ್ಜಿಲನ ಪದಗಳನ್ನು ಒಂದು ಕಡೆ ಬರೆದು, ಅವಕ್ಕೆ ಎದುರಾಗಿ ಗ್ರೀಕ್ ಅರ್ಥ ಕೊಟ್ಟ ಪಟ್ಟಿಗಳಿವೆ. ಗ್ರೀಕ್ ಮಾತಾಡುತ್ತಿದ್ದವರು ಲ್ಯಾಟಿನ್ ಕಲಿತದ್ದು ಹೀಗೆ, ಕಾವ್ಯದ ಕ್ರಮದಲ್ಲೇ, ಪದಪದವಾಗಿ. ನಮ್ಮಲ್ಲಿ ಸಂಸ್ಕೃತ ಕಾವ್ಯಕ್ಕೆ ಕೈಹಾಕುವ ಮೊದಲು ಅಮರಕೋಶ ಕಂಠಸ್ಥವಾಗಬೇಕಿತ್ತು. ಅದು ನೀರು, ಆಕಾಶ, ಊರು, ಕಾಡು ಎಂದು ವಿಷಯವಾರು ವರ್ಗ ಮಾಡಿ ಪರ್ಯಾಯ ಪದಗಳನ್ನು ಒಟ್ಟಿಗೆ ಕೊಡುತ್ತದೆ. ಕನ್ನಡದಲ್ಲಿ ಮಂಗರಾಜನ ‘ಅಭಿನವಾಭಿಧಾನ’ದಂಥ ನಿಘಂಟುಗಳನ್ನು ಪದ್ಯದಲ್ಲೇ ರಚಿಸಿದ್ದೂ ನೆನಪಿಗೆ ಒದಗಲಿ ಎಂದೇ. ವರ್ಣಮಾಲೆಯ ಕ್ರಮದ ಪಟ್ಟಿಯಲ್ಲಿ ಸಮುದ್ರದ ಹೆಸರುಗಳು ದಿಕ್ಕಾಪಾಲಾಗುತ್ತವೆ. ವಿಷಯದ ಕ್ರಮದಲ್ಲಿ ಒಂದು ಇನ್ನೊಂದನ್ನು ಕರೆತರುತ್ತದೆ. ಈನಿಡ್‌ಗೂ ಇದು ಚೆನ್ನಾಗಿ ಹೊಂದುತ್ತದೆ: ಮೊದಲ ಕಾಂಡಕ್ಕೆ ಕಡಲು, ಗಾಳಿ, ಹಡಗು, ಆರನೆಯದಕ್ಕೆ ಸಾವು, ನೆರಳು, ಪಾತಾಳ, ಕೊನೆಯ ಆರಕ್ಕೆ ಆಯುಧ ಮತ್ತು ಗಾಯ. ಅಮೆರಿಕದ ಕ್ಲೈಡ್ ಫಾರ್ 1930ರಲ್ಲಿ ಹೊರತಂದ ಮೊದಲ ಆರು ಕಾಂಡಗಳ ಆವೃತ್ತಿ ಇಂದಿಗೂ ಉಪಯುಕ್ತ. ಪದೇಪದೇ ಬರುವ ಪದಗಳನ್ನು ಮಡಚಿ ಬಿಚ್ಚುವ ಒಂದೇ ಹಾಳೆಯಲ್ಲಿ ಕೊಟ್ಟು, ಅಪರೂಪದವನ್ನು ಆಯಾ ಪುಟದ ಅಡಿಯಲ್ಲೇ ಇಟ್ಟಿದ್ದಾನೆ. ಯಾವುದನ್ನು ಕಲಿಯಬೇಕು, ಯಾವುದನ್ನು ನೋಡಿ ಮುಂದೆ ಹೋಗಬಹುದು ಎಂಬ ವಿಂಗಡಣೆ ಅಲ್ಲಿ ತಾನಾಗಿ ಆಗಿದೆ.

ಕನ್ನಡದಲ್ಲಿ ಓದುವ ನಮಗೆ ಈ ಕೆಲಸದಲ್ಲಿ ಒಂದು ಅನುಕೂಲವೂ ಉಂಟು. ಲ್ಯಾಟಿನ್ನಿನ ಐದು ಸ್ವರಗಳಿಗೂ ಹ್ರಸ್ವ-ದೀರ್ಘ ಭೇದವಿದೆ, ಆ ಹತ್ತೂ ನಮ್ಮ ಲಿಪಿಯಲ್ಲಿವೆ; ಸಂಸ್ಕೃತಕ್ಕಿಲ್ಲದ ಹ್ರಸ್ವ ಎ, ಒ ಸಹಿತ. ಪದವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಗುರು-ಲಘು ಅಲ್ಲೇ ಅರ್ಧ ಬರೆದಂತೆ. ಇಂಗ್ಲಿಷ್ ಅನುವಾದ ಇರುವಾಗ ಈ ಶ್ರಮ ಯಾಕೆ ಎನ್ನುವವರಿಗೆ ನನ್ನ ಉತ್ತರ: ಕತೆಗೆ ಅನುವಾದ ಸಾಕು. ಆದರೆ ಯುರೋಪಿನ ಪ್ರಾಚೀನ ಕಾವ್ಯ ನಮಗೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದಿದೆ. ಕವಿ ಸಮುದ್ರಕ್ಕೆ ಯಾವ ಹೆಸರನ್ನು ಎಲ್ಲಿ ಆರಿಸಿದ ಎಂಬುದನ್ನು ನೇರವಾಗಿ ಕಂಡು ಕನ್ನಡಕ್ಕೆ ತರಬಲ್ಲವರು ಬೇಕೆಂದರೆ, ಕೆಲವರಾದರೂ ಈ ಪಟ್ಟಿಗಳ ಮುಂದೆ ಕೂರಬೇಕು. ಮೊದಲ ಕಾಂಡದ 756 ಸಾಲು ನಿಧಾನವಾಗಿಯೇ ಸಾಗುತ್ತದೆ, ಅದಕ್ಕೆ ಅಂಜಬೇಕಿಲ್ಲ. ಅಲ್ಲಿ ಕಲಿತ ಪದಗಳಲ್ಲಿ ಬಹಳಷ್ಟು, ಟ್ರಾಯ್ ಉರಿಯುವ ಎರಡನೇ ಕಾಂಡದಲ್ಲಿ ಮತ್ತೆ ಎದುರಾಗುತ್ತವೆ. ನಿಘಂಟಿನ ಕಡೆ ಕೈ ಹೋಗುವುದು ಅಲ್ಲಿಂದ ಕಡಿಮೆಯಾಗತೊಡಗುತ್ತದೆ.