ಗದ್ದೆಗೊಂದು ಕಾನೂನು, ಬಾಣೆಗೊಂದು ಕಾನೂನು, ನೀರಿಗೆ ಯಾವುದು?

ನಮ್ಮ ಸರ್ಕಾರಗಳಿಗೆ ಕಾನೂನು ಮಾಡಲು ವರ್ಷಗಟ್ಟಲೆ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಕಾಲ ಬೇಕು ಅನ್ನುವುದು ಯಾವ ಕಾನೂನು ಅನ್ನುವುದರ ಮೇಲೆ ನಿಂತಿದೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕಥೆ ನೋಡಿ. ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ. ಅದು ಕಟುವಾಯಿತು ಅಂತ ಕಸ್ತೂರಿರಂಗನ್ ಸಮಿತಿ ಇನ್ನೊಂದು ಕೊಟ್ಟದ್ದು 2013ರಲ್ಲಿ. ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಬಂತು. ಆರನೇ ಕರಡು ಬಂದದ್ದು 2024ರ ಜುಲೈ 31ಕ್ಕೆ, ಅಂದರೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಸೇರಿದ ಮರುದಿನ! ಸೆಪ್ಟೆಂಬರಿನಲ್ಲಿ ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯೇ ಬೇಡ ಅಂದಿತು. ಹತ್ತು ವರ್ಷ, ಆರು ಕರಡು, ಫಲ ಸೊನ್ನೆ.

ಈಗ ಇನ್ನೊಂದು ಕಥೆ. 2020ರ ಜುಲೈ, ಕೊರೋನಾ ಕಾಲ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಂಗಳನ್ನು ಒಂದು ಸುಗ್ರೀವಾಜ್ಞೆ ಅಳಿಸಿಹಾಕಿತು. ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಕಲಂಗಳು ಅವು. ಡಿಸೆಂಬರ್ ಹೊತ್ತಿಗೆ ವಿಧಾನಮಂಡಲದ ಒಪ್ಪಿಗೆಯೂ ಸಿಕ್ಕಿತು. ಆರು ತಿಂಗಳೂ ಬೇಕಾಗಲಿಲ್ಲ ನೋಡಿ!

"ಕೊಡಗಿನ ಕಾಫಿ ತೋಟವನ್ನು ಹೊರಗಿನವರು ಮೊದಲಿಂದಲೂ ಕೊಳ್ಳುತ್ತಿದ್ದರಲ್ಲ, ಇದರಲ್ಲಿ ಹೊಸದೇನು?" ಅಂತ ಕೇಳುವವರಿದ್ದಾರೆ. ನಿಜ. ಪ್ಲಾಂಟೇಶನ್‌ಗಳಿಗೆ ಆ ಕಾಯ್ದೆಯ 104ನೇ ಕಲಮಿನಲ್ಲೇ ವಿನಾಯಿತಿ ಇತ್ತು. ಹಾಗಾದರೆ ಆ ಬೇಲಿ ಕೊಡಗಿನಲ್ಲಿ ಕಾಯುತ್ತಿದ್ದದ್ದು ಏನನ್ನು? ಗದ್ದೆಯನ್ನು! 2020ರಲ್ಲಿ ಹೊಸದಾಗಿ ಮಾರುಕಟ್ಟೆಗೆ ಬಿದ್ದದ್ದು ಕಣಿವೆಯ ತಳದ ಭತ್ತದ ಗದ್ದೆ. ಈ ವಿಷಯವನ್ನು ಯಾರೂ ದೊಡ್ಡ ದನಿಯಲ್ಲಿ ಹೇಳಲಿಲ್ಲ.

ಕೊಡಗಿನ ಹಳೇ ಭೂ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಗದ್ದೆಯ ಜೊತೆ ಬಾಣೆ ಕೊಡುತ್ತಿದ್ದರು. ಸೊಪ್ಪು, ಸೌದೆ, ದನದ ಮೇವು ಎಲ್ಲಾ ಮೇಲಿನ ಬಾಣೆಯಿಂದ, ಅನ್ನ ಕೆಳಗಿನ ಗದ್ದೆಯಿಂದ. ಬ್ರಿಟಿಷರ 1899ರ ಕೊಡಗು ಭೂ ಕಂದಾಯ ಕಾನೂನೂ ಈ ನಂಟನ್ನು ಒಪ್ಪಿಕೊಂಡಿತ್ತು. ಗುಡ್ಡದ ಇಳಿಜಾರು ಮತ್ತು ಕೆಳಗಿನ ಕಣಿವೆ ಒಂದೇ ಜೀವ ಅನ್ನುವುದು ಆ ಕಾಲದ ಗುಮಾಸ್ತನಿಗೂ ಗೊತ್ತಿತ್ತು. ಈಗಿನ ಕಾನೂನಿಗೆ ಗದ್ದೆ ಬೇರೆ, ಬಾಣೆ ಬೇರೆ, ರೆವಿನ್ಯೂ ಬೇರೆ, ಪರಿಸರ ಬೇರೆ.

ಇದರಿಂದ ಏನಾಗುತ್ತದೆ? ಗದ್ದೆ ಕೊಂಡವನು ನಾಲ್ಕು ವರ್ಷ ಪಾಳು ಬಿಡುತ್ತಾನೆ. ಆಮೇಲೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕನ್ವರ್ಶನ್‌ಗೆ ಅರ್ಜಿ ಹಾಕುತ್ತಾನೆ. ಗದ್ದೆಯಲ್ಲಿ ಕಟ್ಟಡ ಏಳಬೇಕಾದರೆ ಮಣ್ಣು ತುಂಬಿಸಬೇಕು. ಮಣ್ಣು ಎಲ್ಲಿಂದ ಬರಬೇಕು ಸ್ವಾಮಿ? ಪಕ್ಕದ ಬಾಣೆಗೆ ಜೆಸಿಬಿ ಹತ್ತಿಸಿದರೆ ಆಯಿತು! ನೀರು ಇಂಗುವ ಜಾಗ ಮುಚ್ಚಿತು, ಇಳಿಜಾರಿನ ಬುಡವೂ ಕಡಿಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮಳೆಯ ಜೊತೆಗೆ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಕಾರಣವಾಗಿ ತೋರಿಸಿತ್ತು.

ಹಾಗಂತ ಕಸ್ತೂರಿರಂಗನ್ ಕರಡು ಜಾರಿಯಾದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಅದರ ಲೆಕ್ಕ ಹಳ್ಳಿಯ ಲೆಕ್ಕ. ಉಪಗ್ರಹ ಚಿತ್ರದಲ್ಲಿ ಶೇ. 20ರಷ್ಟು ಸಹಜ ಹಸಿರು ಕಂಡರೆ ಇಡೀ ಹಳ್ಳಿ ಒಳಗೆ, ಇಲ್ಲದಿದ್ದರೆ ಹೊರಗೆ. ಕೊಡಗಿನಲ್ಲಿ ಹೀಗೆ 55 ಹಳ್ಳಿ. ಕಟ್ಟಡಕ್ಕೆ ಅದು ಹಾಕುವ ಮಿತಿ 20,000 ಚದರ ಮೀಟರ್. ನೂರು ಚದರ ಮೀಟರಿನ ಇಪ್ಪತ್ತು ಕಾಟೇಜ್ ಕಟ್ಟಿದರೂ ಆಗುವುದು 2,000, ಮಿತಿಯ ಹತ್ತನೇ ಒಂದು ಪಾಲು! ಪ್ರೋಗ್ರಾಮ್ ಬರೆಯುವ ನಮ್ಮಂಥವರ ಭಾಷೆಯಲ್ಲಿ ಹೇಳುವುದಾದರೆ, ಈ ಕಂಡಿಷನ್ ಯಾವತ್ತೂ ಟ್ರೂ ಆಗುವುದೇ ಇಲ್ಲ :-) ಗುಡ್ಡ ಜಾರುವಾಗ ಹಳ್ಳಿಯ ಶೇಕಡಾವಾರು ಕೇಳುವುದಿಲ್ಲ, ಇಳಿಜಾರು ಎಷ್ಟು ಅಂತ ಕೇಳುತ್ತದೆ.

ಆದರೂ ಈ ಕರಡಿನ ವಿರುದ್ಧ ಹಬ್ಬಿಸಿದ ಭಯ ಎಷ್ಟು! ಮನೆ ರಿಪೇರಿ ಮಾಡಿಸುವ ಹಾಗಿಲ್ಲ, ತೋಟ ಮಾರುವ ಹಾಗಿಲ್ಲ ಅಂತೆಲ್ಲಾ. ಕರಡು ಓದಿ ನೋಡಿ. ಅದು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಉದ್ಯಮ, ದೊಡ್ಡ ಟೌನ್‌ಶಿಪ್‌ಗಳನ್ನು. ಇರುವ ಮನೆಯ ದುರಸ್ತಿಗೂ ಆಸ್ತಿ ಪರಭಾರೆಗೂ ಅಡ್ಡಿಯಿಲ್ಲ. ಹತ್ತು ಎಕರೆ ಬೆಳೆಗಾರನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಲಾಭ ಮಾಡಿಕೊಳ್ಳುವವರು ಯಾರು ಅಂತ ನೀವೇ ಯೋಚಿಸಿ.

ಅಕ್ಕಪಕ್ಕ ನೋಡೋಣ. ನೀಲಗಿರಿಯಂಥ ಗುಡ್ಡಗಾಡಿಗೆಂದೇ ತಮಿಳುನಾಡು 1990ರಲ್ಲಿ ಒಂದು ಪ್ರಾಧಿಕಾರ ಮಾಡಿತು. ಕೇರಳ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾಯ್ದೆ ತಂದಿತು. 2018ರಲ್ಲಿ ತಿದ್ದುಪಡಿ ಮಾಡಿ ತಾನೇ ಅದನ್ನು ಸಡಿಲಿಸಿತು, ಅದು ಬೇರೆ ಮಾತು. ಆದರೆ 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲೂ ಶುರುಮಾಡಿತು. ಮೊತ್ತ ಚಿಕ್ಕದು, ಆದರೆ ಅದರ ಹಿಂದಿನ ವಿಚಾರ ದೊಡ್ಡದು. ಗದ್ದೆ ಊರಿಗೆಲ್ಲಾ ನೀರು ಹಿಡಿದುಕೊಡುತ್ತದೆ, ಹಾಗಾಗಿ ಖರ್ಚನ್ನೂ ಊರು ಹಂಚಿಕೊಳ್ಳಬೇಕು.

ಕೊಡಗಿನ ರೈತ ಸುಮ್ಮನೆ ಗದ್ದೆ ಬಿಟ್ಟಿಲ್ಲ. ಆಳು ಸಿಗುವುದಿಲ್ಲ, ಆನೆ ಬಿಡುವುದಿಲ್ಲ, ಭತ್ತಕ್ಕೆ ಬೆಲೆಯಿಲ್ಲ. ಅವನಿಗೆ "ಮಾರಬೇಡ" ಅಂತ ಉಪದೇಶ ಮಾಡುವ ಹಕ್ಕು ಬೆಂಗಳೂರಿಗಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಈ ಊರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರಿನ ವ್ಯವಸ್ಥೆಯಾಯಿತು. ಪೈಪಿಗೆ ದುಡ್ಡು ಸುರಿಯುವ ನಾವು ಆ ಹೊಳೆಯ ತಲೆಯಲ್ಲಿ ನೀರು ಹಿಡಿದಿಡುವ ಗದ್ದೆಗೆ ಏನು ಕೊಟ್ಟಿದ್ದೇವೆ?

ಬೇಕಾದದ್ದು ಮೂರೇ. ಕೊಡಗಿಗೆ ಹಳ್ಳಿಯ ಪಟ್ಟಿ ಬಿಟ್ಟು ಇಳಿಜಾರಿನ ಲೆಕ್ಕದ ಕಟ್ಟಡ ನಿಯಮ. ಗದ್ದೆಯ ಕನ್ವರ್ಶನ್‌ಗೆ ತಡೆ. ಗದ್ದೆ ಉಳಿಸಿದವನಿಗೆ ಬೆಂಗಳೂರಿನ ನೀರಿನ ಬಿಲ್ಲಿನಿಂದ ಪಾಲು. ಬೇಲಿ ಕೀಳಲು ಸುಗ್ರೀವಾಜ್ಞೆ ಹೊರಡಿಸಿದವರಿಗೆ ಬೇಲಿ ಕಟ್ಟಲು ಮಾತ್ರ ಏಳನೇ ಕರಡು ಬೇಕೇ?

ಹುತ್ತರಿಗೆ ಕದಿರು ಕೊಯ್ಯಲು ಗದ್ದೆಯೇ ಬೇಕು, ರೆಸಾರ್ಟಿನ ಲಾನ್‌ನಲ್ಲಿ ಅದು ಬೆಳೆಯುವುದಿಲ್ಲ. ಏನಂತೀರಿ?