ಪ್ರವಾಸದ ಯೋಜನೆ ಹಳ್ಳಿಯ ಬಸ್ಸಿನಿಂದ ಆರಂಭವಾಗಲಿ

ಮಳೆಗಾಲದ ಶನಿವಾರ ಬೆಳಗಾಗುತ್ತಿದ್ದಂತೆ ಸಾಗರ-ಜೋಗ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳ ಸಾಲು ಬೆಳೆಯತೊಡಗುತ್ತದೆ. ಅದೇ ಹೊತ್ತಿಗೆ ಒಳಗಿನ ಹಳ್ಳಿಯ ಅಡಿಕೆ ಬೆಳೆಗಾರ ಆಕಾಶ ನೋಡುತ್ತಿರುತ್ತಾನೆ. ಮಳೆ ಬಿಡುವು ಕೊಟ್ಟ ಎರಡು-ಮೂರು ಗಂಟೆಯಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣದ ಸಿಂಪರಣೆ ಮುಗಿಯಬೇಕು. ಮರ ಹತ್ತಿ ಔಷಧಿ ಹೊಡೆಯುವವರು ಬರಬೇಕಾದ ಬಸ್ಸು ಮಾತ್ರ ಯಾವುದೋ ತಿರುವಿನಲ್ಲಿ, ಛಾಯಾಚಿತ್ರಕ್ಕೆಂದು ನಿಲ್ಲಿಸಿದ ಕಾರುಗಳ ಹಿಂದೆ ಸಿಲುಕಿರುತ್ತದೆ. ಬಿಡುವು ಮುಗಿದು ಮಳೆ ಮತ್ತೆ ಹಿಡಿದರೆ ಅಂದಿನ ಕೆಲಸ ಅಲ್ಲಿಗೇ ನಿಂತಂತೆ.

ಇದರರ್ಥ ನಗರದವರು ಮಲೆನಾಡಿಗೆ ಬರಬಾರದು ಎಂದಲ್ಲ. ಕಾಡನ್ನು ಕಾಣದವರು ಕಾಡಿನ ಪರವಾಗಿ ನಿಲ್ಲಲಾರರು. ಬೆಂಗಳೂರಿನಿಂದ ಬರುವವರಲ್ಲಿ ಇದೇ ಮಲೆನಾಡಿನ ಹಳ್ಳಿಗಳ ಮಕ್ಕಳೂ ಇದ್ದಾರೆ. ಪ್ರಶ್ನೆ ಇರುವುದು ಅವರು ಬರುವ ರೀತಿಯಲ್ಲಿ. ಎರಡು ದಿನಗಳ ಪ್ರವಾಸವನ್ನು ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸಿದರೆ ಅದು ಅನಿವಾರ್ಯವಾಗಿ ಕಾರಿನಲ್ಲಿ ಮುಗಿಯುತ್ತದೆ. ಬಸ್ಸಿನ ವೇಳಾಪಟ್ಟಿಯಿಂದ ಆರಂಭಿಸಿದರೆ ಸ್ಥಳಗಳು ಕಡಿಮೆಯಾಗುತ್ತವೆ, ನೋಡುವುದು ಹೆಚ್ಚಾಗುತ್ತದೆ.

ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಬೆಂಗಳೂರಿನಿಂದ ಜೋಗಕ್ಕೆ ಹೋಗಿ ಬರಲು ಸುಮಾರು 800 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 53 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾರಿನಲ್ಲಿ ನಾಲ್ವರಿದ್ದರೆ ತಲಾ 30 ಕಿಲೋ ಆಯಿತು. ಲೀಟರಿಗೆ 5 ಕಿ.ಮೀ. ಓಡುವ ಬಸ್ಸು ಇಷ್ಟೇ ದೂರಕ್ಕೆ 160 ಲೀಟರ್ ಡೀಸೆಲ್ ಉರಿಸುತ್ತದೆ. ಲೀಟರಿಗೆ 2.7 ಕಿಲೋದಂತೆ, 40 ಪ್ರಯಾಣಿಕರಿಗೆ ಹಂಚಿದರೆ ತಲಾ 11 ಕಿಲೋ. ಇನ್ನೊಂದು ಲೆಕ್ಕ ಜಾಗದ್ದು. ಆ 40 ಜನ ಕಾರಿನಲ್ಲಿ ಬಂದರೆ ಹತ್ತು ವಾಹನಗಳಿಗೆ ನಿಲುಗಡೆ ಬೇಕು. ಆ ಜಾಗ ಸಿಗುವುದು ರಸ್ತೆಯಂಚಿನ ಹುಲ್ಲುಗಾವಲಿನಿಂದ, ಇಲ್ಲವೇ ಗುಡ್ಡದ ಬುಡವನ್ನು ಕಡಿದು. ಹೀಗೆ ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಘಟ್ಟದ ರಸ್ತೆಗಳ ಪಕ್ಕದಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಸಾಗರದ ಮಟ್ಟಿಗೆ ಬೇರೆ ದಾರಿ ಈಗಾಗಲೇ ಇದೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ರೈಲು ಬೆಳಗಿನ ವೇಳೆಗೆ ಸಾಗರವನ್ನೂ, ಹಳಿಯ ಕೊನೆಯಾದ ತಾಳಗುಪ್ಪವನ್ನೂ ಮುಟ್ಟುತ್ತದೆ. ತಾಳಗುಪ್ಪದಿಂದ ಜೋಗ ಸುಮಾರು 15 ಕಿ.ಮೀ. ಬಸ್ಸಿನ ದಾರಿ. ಶನಿವಾರ ಜೋಗ ನೋಡಿ ಸಾಗರಕ್ಕೆ ಮರಳಿದವರು ಭಾನುವಾರ ಇಕ್ಕೇರಿಯ ಅಘೋರೇಶ್ವರ ದೇಗುಲಕ್ಕೋ, ವರದಾ ನದಿ ಹುಟ್ಟುವ ವರದಾಮೂಲಕ್ಕೋ, ಕೆಳದಿಗೋ ಹೋಗಬಹುದು. ಇವೆಲ್ಲ ಪೇಟೆಗೆ ಹತ್ತಿರದವು. ಒಂದು ಕಡೆ ಬಸ್ಸಿನಲ್ಲಿ ಹೋಗಿ, ಬರುವಾಗ ತೋಟ-ಗದ್ದೆಗಳ ನಡುವೆ ನಡೆದೇ ಬರಬಹುದು. ಭಾನುವಾರ ರಾತ್ರಿಯ ರೈಲು ಹತ್ತಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳನ್ನು ಕಾರಿನಲ್ಲಿ ಬಂದವರು ನೋಡುವುದೂ ಅದೇ 253 ಮೀಟರಿನ ಬಂಡೆಯ ಮೇಲಿಂದ ಬೀಳುವಾಗಲೇ.

ಯೋಜನೆಯಲ್ಲಿ ಋತುವಿಗೂ ಸ್ಥಾನವಿರಬೇಕು. ಡಿಸೆಂಬರಿನಿಂದ ಮೇವರೆಗೆ ಕಾಡಿನಲ್ಲಿ ಉಣುಗುಗಳ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಈ ಉಣುಗುಗಳಿಂದಲೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ತಂದ ಸಾವುಗಳನ್ನು ಈ ಭಾಗದವರು ಮರೆತಿಲ್ಲ. ಆ ತಿಂಗಳುಗಳಲ್ಲಿ ಊರಿನವರು ಬೇಡವೆಂದ ಕಾಡಿಗೆ ಹೊರಗಿನವರು ಕಾಲಿಡಬಾರದು. ಮಳೆಗಾಲದಲ್ಲಿ ದಾರಿಗಳೇ ಅನಿಶ್ಚಿತ. 2019ರ ಆಗಸ್ಟಿನ ಭೂಕುಸಿತಗಳಿಂದ ಚಾರ್ಮಾಡಿ ಘಾಟಿಯಲ್ಲಿ ಸಂಚಾರ ಬಹುಕಾಲ ಅಸ್ತವ್ಯಸ್ತವಾಗಿತ್ತು. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಮಣ್ಣು ಕುಸಿದು ಘಟ್ಟದ ರೈಲುಗಳು ನಿಂತವು. ನಡಿಗೆಗೆ ಒಳ್ಳೆಯ ಕಾಲವೆಂದರೆ ಮಳೆ ಹಿಂದೆಗೆದು ಹಸಿರು ಇನ್ನೂ ಉಳಿದಿರುವ ಅಕ್ಟೋಬರ್, ನವೆಂಬರ್.

ಇಲ್ಲಿ ಹಳ್ಳಿಗರ ನ್ಯಾಯವಾದ ಆಕ್ಷೇಪವೊಂದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸುಗಳಲ್ಲಿ ಜನ ಹೆಚ್ಚಿದ್ದಾರೆ. ಕಾಲೇಜಿನ ಹುಡುಗಿ, ಆಸ್ಪತ್ರೆಗೆ ಹೊರಟ ವೃದ್ಧ, ಸಂತೆಗೆ ಹೋಗುವ ಹೆಂಗಸು ನಿಂತೇ ಪ್ರಯಾಣಿಸುವಾಗ ದೊಡ್ಡ ಬ್ಯಾಗುಗಳ ಚಾರಣಿಗರ ತಂಡವೂ ಹತ್ತಿದರೆ ಗತಿಯೇನು? ಉತ್ತರ ಸರಳವಾದುದು. ಇಪ್ಪತ್ತು ಜನರ ತಂಡ ಹಳ್ಳಿಯ ಬಸ್ಸಿಗೆ ಸಲ್ಲದು. ನಾಲ್ಕೈದು ಜನ ಸಲ್ಲುತ್ತಾರೆ. ಶನಿವಾರ ಶಾಲೆ ಬಿಡುವ ಹೊತ್ತಿನ ಬಸ್ಸನ್ನು ಬಿಟ್ಟು ನಡುಹಗಲಿನದನ್ನು ಹಿಡಿಯಬೇಕು. ಸಂಖ್ಯೆಗೆ ಮಿತಿ ಇಲ್ಲದಿದ್ದರೆ ಏನಾಗುತ್ತದೆಂಬುದು 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದಲ್ಲಿ ಕಂಡಿತು. ಅಲ್ಲಿ ನೆರೆದ ಜನಸಂದಣಿಯ ನಂತರವೇ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಬೇಕಾಯಿತು.

ಆಕ್ಷೇಪದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹಳ್ಳಿಯ ಬಸ್ಸು ಬದುಕುವುದು ಪ್ರಯಾಣಿಕರಿಂದ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿ, ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. ರಾತ್ರಿ ಊರಲ್ಲಿ ತಂಗಿ ಬೆಳಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸು ತಪ್ಪಿದ ಊರಿನ ಮಕ್ಕಳಿಗೆ ಕಾಲೇಜೇ ದೂರವಾಗುತ್ತದೆ. ಭಾನುವಾರ ವಿದ್ಯಾರ್ಥಿಗಳಿಲ್ಲದೆ ಖಾಲಿ ಓಡುವ ಬಸ್ಸಿಗೆ ಟಿಕೆಟ್ ಕೊಂಡು ಹತ್ತುವ ನಾಲ್ಕು ಮಂದಿ ಹೊರೆಯಲ್ಲ, ಆಧಾರ.

ಶರಾವತಿ ಹಿನ್ನೀರಿನ ಕಡೆ ಈ ಪ್ರಶ್ನೆ ಈಗ ತುರ್ತಿನದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗೆ ನೆಲ ಕಳೆದುಕೊಂಡ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚಿಗೆ ಕಾದರು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು ಅವರ ಹಕ್ಕು ಅವರಿಗೆ ತಡವಾಗಿ ಸಂದಂತೆ. ಆದರೆ ವಾಹನಗಳ ಸಂಖ್ಯೆಗೆ ಲಾಂಚು ಹಾಕಿದ್ದ ಮಿತಿಯೂ ಅದರೊಂದಿಗೆ ಹೋಯಿತು. ಆ ಸೇತುವೆಯ ಮೇಲೆ ಹೆಚ್ಚು ಓಡಬೇಕಾದುದು ಬಸ್ಸೋ ಕಾರೋ ಎಂಬುದನ್ನು ತೀರ್ಮಾನಿಸಲು ಇದು ಸಕಾಲ.

ಸಾರಿಗೆ ನಿಗಮ ಮನಸ್ಸು ಮಾಡಿದರೆ ರೈಲು ಬರುವ ವೇಳೆಗೆ ತಾಳಗುಪ್ಪದಲ್ಲಿ ಬಸ್ಸು ಕಾಯುವಂತೆ ಮಾಡುವುದು ಕಷ್ಟವಲ್ಲ. 2022ರ ಮಳೆಗಾಲದಲ್ಲಿ ಬೆಂಗಳೂರಿನಿಂದ ಜೋಗಕ್ಕೆ ವಾರಾಂತ್ಯದ ಪ್ರವಾಸದ ಬಸ್ಸು ಓಡಿಸಿದ ನಿಗಮಕ್ಕೆ ಇದು ಹೊಸ ವಿಷಯವೂ ಅಲ್ಲ. ಗ್ರಾಮಸಭೆಗಳು ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಕಳಿಸಬೇಕು. ರಸ್ತೆ ಅಗಲ ಮಾಡಿ ಎಂಬ ಮನವಿಗಳು ಹೋಗುವ ಕಚೇರಿಗಳಿಗೆ ಇಂಥ ಮನವಿಗಳೂ ತಲುಪಲಿ.

ಕಾಲೇಜಿನ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇನ್ನೂ ಹತ್ತಿರದ್ದು. ತಮ್ಮ ಊರಿಗೆ ಬರುವ ಬಸ್ಸು ಯಾವುದು, ಎಷ್ಟು ಹೊತ್ತಿಗೆ, ಕೊನೆಯ ಬಸ್ಸು ಯಾವಾಗ, ಅದು ತಪ್ಪಿದರೆ ಉಳಿಯುವ ಮನೆ ಯಾವುದು, ಯಾವ ತಿಂಗಳಲ್ಲಿ ಬರಬಾರದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಸಾಗರದ ಬಸ್ ನಿಲ್ದಾಣದಲ್ಲೂ ರೈಲು ನಿಲ್ದಾಣದಲ್ಲೂ ಅಂಟಿಸಲಿ. ಕಂಡಕ್ಟರುಗಳ ನೆನಪಿನಲ್ಲಿ ಮಾತ್ರ ಉಳಿದಿರುವ ಈ ವೇಳಾಪಟ್ಟಿ ಬರಹಕ್ಕೆ ಬಂದರೆ ಹೊರಗಿನವರಿಗೆ ದಾರಿ ತಿಳಿಯುತ್ತದೆ. ನಾಳೆ ಯಾವುದಾದರೂ ಬಸ್ಸನ್ನು ಸದ್ದಿಲ್ಲದೆ ನಿಲ್ಲಿಸಿದಾಗ ಊರಿನವರ ಕೈಯಲ್ಲಿ ಒಂದು ದಾಖಲೆಯೂ ಇರುತ್ತದೆ.